ನೆನಪಿಟ್ಟ ಪಾಸ್‌ವರ್ಡು

ಬಂಟ್ವಾಳದ ಕ್ಲಿನಿಕ್ಕಿನ ಬೆಂಚಿನಲ್ಲಿ ಗಂಟುನೋವಿನ ಅವ್ವಮ್ಮ ಸರದಿ ಕಾಯುತ್ತಿದ್ದರು. ಪಕ್ಕದಲ್ಲಿ ಹಣೆ ಒಡೆದುಕೊಂಡು ಕೂತ ಯೋಗೀಶ. ಅವನ ಅಕ್ಕ ಹರಿಣಾಕ್ಷಿ ಗಾಯಕ್ಕೆ ಸೆರಗು ಒತ್ತಿ ಹಿಡಿದಿದ್ದಳು; ಸೆರಗು ಆಗಲೇ ತೊಯ್ದಿತ್ತು.

“ಭಾವನೇ ಕಬ್ಬಿಣದ ರಾಡಿನಲ್ಲಿ ಹೊಡೆದದ್ದು ಅಕ್ಕ. ಅವರು ನಿನ್ನ ಕೈಗೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟರು ಅಂತ ನಾನು ಬ್ಲಾಗಿನಲ್ಲಿ ಬರೆದೆನಂತೆ!”

“ಹೌದಾ...”

“ನಾನು ಬರೆಯುವುದು ಮೊಬೈಲು, ಕಂಪ್ಯೂಟರಿನ ವಿಷಯ ಮಾತ್ರ. ಯಾರೋ ನನ್ನ ಬ್ಲಾಗಿಗೆ ನುಗ್ಗಿದ್ದಾರೆ. ಸೈಬರ್ ಕೆಫೆಗೆ ಹೋಗ್ತಿದ್ದಾಗ ಪ್ರತಿ ಸಲ ಪಾಸ್‌ವರ್ಡ್ ಒತ್ತುತ್ತಿದ್ದೆ. ಮನೆಗೆ ಕಂಪ್ಯೂಟರ್ ಬಂದ ಮೇಲೆ ಉದಾಸೀನ. ನೀನೇ ನೆನಪಿಟ್ಟುಕೋ ಅಂತ ಕಂಪ್ಯೂಟರಿಗೇ ಬಿಟ್ಟೆ.”

“ಯಾರೋ ಅಲ್ಲ ಮಾರಾಯ. ಹೊಸ ಮದುಮಗಳು ಅಂತ ಆಟಿ ತಿಂಗಳು ಕೂರಲು ತವರಿಗೆ ಬಂದಿದ್ದೆನಲ್ಲ, ಆಗ ನಾನೇ ಬರೆದದ್ದು.”

ಯೋಗೀಶ ಅವಳ ಕೈ ಹಿಡಿದು ಬಳೆ ಸರಿಸಿದ. ಇಸ್ತ್ರಿಪೆಟ್ಟಿಗೆಯ ಮೂತಿ ಅಲ್ಲಿ ಅಚ್ಚೊತ್ತಿದ ಹಾಗೆ ಸುಟ್ಟ ಕಲೆ. ಅವ್ವಮ್ಮ ತಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡರು.

“ಬರೆದದ್ದನ್ನು ಅಳಿಸ್ತೀಯಾ?” ಹರಿಣಾಕ್ಷಿ ಕೇಳಿದಳು.

“ಇಲ್ಲ.”

“ಪಾಸ್‌ವರ್ಡ್ ಬದಲಾಯಿಸ್ತೀಯಾ?”

ಒಳಗಿಂದ ನರ್ಸ್ ಕರೆದಳು. ಯೋಗೀಶ ಗೋಡೆ ಹಿಡಿದು ಎದ್ದ.

“ಹೊಲಿಗೆ ಹಾಕಿಸಿ ಮನೆಗೆ ಹೋಗುವ. ಉಳಿದದ್ದನ್ನೂ ಬರಿ. ಹೆಸರು ನನ್ನದೇ ಇರಲಿ.”