ದುಡಿಯುವ ಕೈಯ ಬಿ.ಪಿ.

ಬಿ.ಪಿ. ನೋಡಿಸಿಕೊಳ್ಳಲು ಅಂಗಿಯ ಎಡತೋಳನ್ನು ಮೇಲಕ್ಕೆ ಮಡಚಿಕೊಂಡು ಕಾದಿದ್ದ ದರ್ಜಿಗೆ, ಪಕ್ಕದ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡ ಬಡಗಿ, ತಲೆಗೂದಲಲ್ಲಿ ಇನ್ನೂ ಮರದ ಹೊಟ್ಟು.

“ಈ ಸಲಾನೂ ಎಡಗೈ ಚಾಚಿ ಬರ್ಬೇಡಿ.”

“ಅದರಲ್ಲಿ ನೂರಾ ಮೂವತ್ತೇ ಕಣೇ ಬರೋದು.”

“ಮನೇಲಿ ನೋಡಿದಾಗ ಬಲಗೈಲಿ ನೂರಾ ಅರವತ್ತು ಬಂತಲ್ಲ. ಹೆಚ್ಚು ಬರೋ ಕೈನೇ ಲೆಕ್ಕಕ್ಕೆ ಹಿಡೀಬೇಕು ಅಂತ ಡಾಕ್ಟರು ಬಡ್ಕೊಂಡಿದಾರೆ.”

“ಬಲಗೈ ದಿನವಿಡೀ ಗರಗಸ ಎಳೆಯುತ್ತೆ. ದುಡಿಯೋ ಕೈಗೆ ಸ್ವಲ್ಪ ಜಾಸ್ತಿನೇ ಇರುತ್ತೆ.”

“ಹಾಗಾದ್ರೆ ಕೂತು ತಿನ್ನೋರಿಗೆ ಬಿ.ಪಿ.ನೇ ಬರಬಾರ್ದಿತ್ತು. ನಿಮ್ಮಣ್ಣಂಗೆ ಹೇಗೆ ಬಂತು?”

“ಅವನ ಸುದ್ದಿ ಈಗ ಯಾಕೆ.” ಬಡಗಿಯ ದನಿ ತಗ್ಗಿತು. “ಬಲಗೈದು ಗೊತ್ತಾದ್ರೆ ಕೆಲಸ ಬಿಡು ಅಂತಾರೆ.”

“ಹೀಗೇ ಮುಚ್ಚಿಟ್ಟು ಒಂದಿನ ಬಿದ್ದರೆ, ಕೆಲಸವೇ ನಿಮ್ಮನ್ನ ಬಿಡುತ್ತೆ.”

ನರ್ಸ್ ಕರೆದಳು. ಬಡಗಿ ಏಳುತ್ತ ಎಡತೋಳಿನ ಗುಂಡಿಗೆ ಕೈ ಹಾಕಿದ. ಹೆಂಡತಿ ಅವನ ಬಲತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಅದೇ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಬಾಗಿಲು ಮುಚ್ಚಿತು. ದರ್ಜಿ ಕತ್ತರಿ ಹಿಡಿಯುವ ತನ್ನ ಕೈಯ ತೋಳನ್ನೂ ಮಡಚತೊಡಗಿದ.