ಆರ್ನಿಯ ಎಡಗಣ್ಣು

ಅಲ್ಲಾಡಬೇಡಿ ಡಾಕ್ಟ್ರೇ, ಇನ್ನೊಂಚೂರು ಬಾಯಿ ಅಗಲ... ಹಾಂ, ಸಾಕು. ಈ ಹತ್ತಿ ಹಾಗೇ ಇರ್ಲಿ. ಏನು ಹೇಳ್ತಿದ್ದೆ? ಆರ್ನಿ ಕಣ್ಣು. ಎಡಗಣ್ಣು. ಬರುವಾಗ ಪಕ್ಕದ ಕೋಣೇಲಿ ನೋಡಿರ್ತೀರಲ್ಲ, ಉಪ್ಪುನೀರಿನ ತೊಟ್ಟೀಲಿ? ಹೆದರಿದ್ರೆ ಮುಳ್ಳು ಬಿಟ್ಕೊಂಡು ಚೆಂಡಿನ ಹಾಗೆ ಉಬ್ಬೋ ಮೀನು. ಈಗ ಹೆದರದೇನೇ ಉಬ್ಬಿದೆ, ಅದೂ ಕಣ್ಣೊಂದೇ.

ಯಾಕೆ ಹುಬ್ಬು ಏರಿಸ್ತೀರಿ? ಸುಮ್ನೆ ಮಾತಿಗೆ ಹೇಳ್ದೆ. ನೀವು ಮೀನಿನ ಡಾಕ್ಟ್ರು ಅಂತ ಈಗ ತಾನೇ ನೆನಪಾಯ್ತು. ಈ ಇಡೀ ಊರಿಗೆ, ಡುಲೂತ್‌ಗೆ ನೀವೊಬ್ರೇ ಅಂತೆ. ಎಷ್ಟು ಸಲ ಫೋನ್ ಮಾಡಿದ್ರೂ ನಿಮ್ಮ ಆಸ್ಪತ್ರೆ ಹುಡುಗಿ ಮುಂದಿನ ತಿಂಗಳು ಬನ್ನಿ ಅಂತಾಳೆ... ಅಂದ್ರೆ, ಯಾರಿಗೋ ಅಂದ್ಲಂತೆ.

ಏನದು, ಬೆರಳು? ಒಂದು... ಎರಡು... ಓ, ಒಂದು ಕಣ್ಣೋ ಎರಡೋ ಅಂತಾನಾ? ಒಂದೇ. ಒಂದಾದ್ರೆ ಪೆಟ್ಟು, ಎರಡೂ ಆದ್ರೆ ನೀರು ಕೆಟ್ಟಿರ್ಬೇಕು, ಅಷ್ಟು ನಾನೂ ಓದ್ಕೊಂಡಿದೀನಿ. ನೀರು ಪರೀಕ್ಷೆ ಮಾಡ್ದೆ, ಚೆನ್ನಾಗಿದೆ. ಕಲ್ಲಿಗೆ ಹೊಡ್ಕೊಂಡಿದಾನೆ. ಗುಡ್ಡೆ ಬೇರೆ ಮಂಜು ಕವಿದ ಹಾಗೆ ಬೆಳ್ಳಗಾಗಿದೆ. ಹಲ್ಲಾಗಿದ್ರೆ ನಾನೇ ನೋಡ್ಕೋತಿದ್ದೆ. ಅವನ ಹಲ್ಲು ಬೆಳೆದು ತಿನ್ನೋಕಾಗದೆ ಇದ್ದಾಗೆಲ್ಲ ಉಜ್ಜಿ ಸರಿಮಾಡೋದು ನಾನೇ, ಇದೇ ಕನ್ನಡಿ ಹಿಡ್ಕೊಂಡು... ಉಗುಳಬೇಡಿ, ಕುದಿಸಿದೀನಿ. ಚೆನ್ನಾಗಿ ಕುದಿಸಿದೀನಿ.

ಕಣ್ಣಿಗೆ ಏನು ಯೋಚ್ನೆ ಮಾಡಿದೀನಿ ಅಂದ್ರೆ, ವಸಡು ಊದಿದಾಗ ಚುಚ್ಚಿ ಕೀವು ತೆಗೀತೀವಲ್ಲ, ಹಾಗೇ ಒಂದು ಸಣ್ಣ ಸೂಜಿ... ಅಯ್ಯೋ, ತಲೆ ಅಲ್ಲಾಡಿಸ್ಬೇಡಿ! ಸೂಜಿ ನಿಮಗಲ್ಲ, ಆರ್ನಿಗೆ... ಅದಕ್ಕೇ ಅಲ್ಲಾಡಿಸಿದ್ರಾ? ಚುಚ್ಚಲೇಬಾರ್ದಾ? ಹಾಗಾದ್ರೆ ಬೇರೆ ತೊಟ್ಟೀಲಿಟ್ಟು ಊತ ಇಳಿಸೋ ಎಪ್ಸಮ್ ಉಪ್ಪು ಹಾಕ್ಲಾ? ಹೌದಾದ್ರೆ ಕಣ್ಣು ಮುಚ್ಚಿ. ಮುಚ್ಚಿದ್ರಿ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.

ನಗ್ತಿದೀರಾ? ನಗಿ, ನಗಿ. ಈ ಬಾಗಿಲು ದಾಟಿ ಬರೋರೆಲ್ಲ ನನ್ನ ಕಂಡ್ರೆ ಹಿಂದೆ ಸರೀತಾರೆ ಡಾಕ್ಟ್ರೇ. ನಮ್ಮಕ್ಕನ ಮೊಮ್ಮಗಳು ಕ್ರಿಸ್‌ಮಸ್ ಊಟಕ್ಕೆ ನನ್ನ ಪಕ್ಕ ಕೂರ್ಸಿದ್ರೆ ಬಾಯೇ ತೆಗೀಲಿಲ್ಲ, ಹ್ಯಾಮ್ ಕೂಡ ತಿನ್ಲಿಲ್ಲ. ನನ್ನ ಕಂಡು ಹತ್ತಿರ ಬರೋದು ಆರ್ನಿ ಒಬ್ಬನೇ. ಬೀಗ ತೆಗೆಯೋ ಹೊತ್ತಿಗೆ ಗಾಜಿಗೆ ಮೂತಿ ಹಚ್ಚಿ ನಿಂತಿರ್ತಿದ್ದ. ಇವತ್ತು ಬರ್ಲಿಲ್ಲ. ಮೂಲೇಲಿ ಗೋಡೆ ಕಡೆ ತಿರುಗಿ ನಿಂತಿದ್ದ.

ಆಯ್ತು, ಹತ್ತಿ ತೆಗೀತೀನಿ. ಈಗ ಮಾತಾಡಿ.



ಏನು, ನಾಲಿಗೇಲಿ ಒಂದೊಂದೇ ಹಲ್ಲು ತಡವಿ ನೋಡ್ತಿದೀರಾ? ಯಾವುದು ಹುಳುಕು ಅಂತಾನಾ? ಹೌದು, ನಮ್ಮ ಕ್ಲಿನಿಕ್ಕಿನ ಬೆವ್ ಫೋನಲ್ಲಿ ಹೇಳಿದ್ಲಲ್ಲ, ತಡ ಮಾಡೋ ಹಾಗಿಲ್ಲ, ಇವತ್ತೇ ಬನ್ನಿ ಅಂತ... ಅದು ಮೇಲಿನ ದವಡೇದು. ಅಲ್ಲ, ಕೆಳಗಿಂದು. ಎಕ್ಸ್‌ರೇ ಇಲ್ಲೇ ಎಲ್ಲೋ ಇಟ್ಟಿದ್ದೆ...

ಹಾಗೆ ನೋಡಬೇಡಿ.

ಕಲ್ಲು ಕಡಿಯೋ ಹಲ್ಲು ಡಾಕ್ಟ್ರೇ ನಿಮ್ಮದು. ಒಂದಕ್ಕೂ ಏನೂ ಆಗಿಲ್ಲ.

ಎದ್ರಾ? ಸರಿ. ದೂರು ಕೊಡಿ, ಬೇಡ ಅನ್ನಲ್ಲ. ನಿಮ್ಮ ಕೋಟು ಅಲ್ಲಿದೆ, ಬಾಗಿಲು ಆ ಕಡೆ... ಅದಲ್ಲ ಡಾಕ್ಟ್ರೇ, ಅದು ತೊಟ್ಟಿ ಇರೋ ಕಡೆ. ಕತ್ತಿಗೆ ಕಟ್ಟಿದ ಬಟ್ಟೆ ಕೂಡ ಬಿಚ್ಚಿಲ್ಲ ಇನ್ನೂ...

ಏನು, ಕೈ ಚಾಚ್ತಿದೀರಾ? ಟಾರ್ಚಾ? ತಗೊಳ್ಳಿ, ತಗೊಳ್ಳಿ. ಸ್ವಲ್ಪ ನಿಲ್ಲಿ, ಮೊದ್ಲು ನಾನು ಹೋಗ್ತೀನಿ. ಬೇರೆಯೋರನ್ನ ಕಂಡ್ರೆ ಅವನು ಹೆದರ್ತಾನೆ.