ಕಿವಿಮೇಸ್ತ್ರಿಯ ಕೆಮ್ಮು

ಹೊರಗೆ ಊಟಕ್ಕೆಂದು ಹೊರಟವರನ್ನೆಲ್ಲ ಮಳೆ ಕಾರ್ ಶೆಡ್ಡಿನಲ್ಲೇ ಕಟ್ಟಿಹಾಕಿತ್ತು. ಅದು ತಗಡಿನ ಮೇಲೆ ಬಡಿಯುತ್ತಿದ್ದ ರಭಸಕ್ಕೆ ಪಕ್ಕದವರ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಸಾಲದ್ದಕ್ಕೆ ಕರೆಂಟೂ ಹೋಯಿತು. ಮೊಮ್ಮಕ್ಕಳು ಸಿಕ್ಕ ಡಬ್ಬ, ಸವೆದ ಟೈರುಗಳ ಮೇಲೆ ಹಳೆಯ ಕಾರಿನ ಸುತ್ತ ಕೂತರು. ಅವರ ಅಜ್ಜಿ ಒಳಗಿನ್ನೂ ಮೇಣದಬತ್ತಿ ಹಿಡಿದು ಕನ್ನಡಿಯ ಮುಂದಿದ್ದಳು. ಅಜ್ಜಿಯ ತಂಗಿ ಚಿಕ್ಕಜ್ಜಿ ಮಾತ್ರ ಎಲ್ಲರಿಗಿಂತ ಮೊದಲೇ ತಯಾರಾಗಿ ಬಂದು, ಮುರುಕು ಕುರ್ಚಿಯಲ್ಲಿ ಕಾಲು ಚಾಚಿದ್ದಳು.

"ಚಿಕ್ಕಜ್ಜಿ, ಈ ಕಾರಲ್ಲಿ ದೆವ್ವ ಇದೆಯಂತೆ, ಹೌದಾ?" ಎಂದಳು ದೊಡ್ಡ ಮೊಮ್ಮಗಳು.

"ಇದೆಯಂತೆ ಅಂದ್ರೇನು ಮಾತು? ನಮ್ಮ ಮನೆ ಮಂದೀನ ಅಂತೆಕಂತೆ ಮಾಡಬೇಡ್ರಮ್ಮ," ಎಂದು ಚಿಕ್ಕಜ್ಜಿ ಶಾಲು ಎಳೆದುಕೊಂಡಳು. "ಹತ್ತಿರ ಬನ್ನಿ, ಕೂಗಿ ಹೇಳೋ ಕತೆ ಅಲ್ಲ ಇದು..."

ಮಕ್ಕಳು ಸರಿದು ಕೂತರು.

"ನಿಮ್ಮಜ್ಜಿಯ ಮೊದಲ ಗಂಡ, ನಮ್ಮ ಭಾವ, ಇದೇ ಶೆಡ್ಡಲ್ಲಿ ಗ್ಯಾರೇಜು ಇಟ್ಟಿದ್ರು. ಕಿವಿಮೇಸ್ತ್ರಿ ಅಂತಲೇ ಹೆಸರು. ಯಾಕೆ ಗೊತ್ತಾ? ಉದ್ದನೆ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಆನಿಸಿ, ಹಿಡಿ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತರೆ ಅದರ ಹೊಟ್ಟೆಯೊಳಗಿನ ಕಾಯಿಲೆಯೆಲ್ಲ ಹೇಳಿಬಿಡೋರು. ಮನುಷ್ಯರ ಜೊತೆ ಮಾತ್ರ ಮಾತು ಕಮ್ಮಿ. ಯಾರಾದ್ರೂ ತಪ್ಪು ಹೇಳಿದ್ರೆ ಬೈಯೋರಲ್ಲ... 'ಹ್ಹುಂ' ಅಂತ ಒಂದು ಕೆಮ್ಮು. ಅಷ್ಟೇ. ಈ ಕಾರು ಅಂದ್ರೆ ಅವರಿಗೆ ಪ್ರಾಣ. ಇದಕ್ಕೆ ನೀರು ಬೇಡ, ರೇಡಿಯೇಟರ್ ಇಲ್ಲ. ಇಂಜಿನ್ನು ಹಿಂದುಗಡೆ ಕೂತು ಗಾಳಿ ಕುಡಿದೇ ತಣ್ಣಗಾಗತ್ತೆ. ಒಂದಿನ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲೇ ಇಲ್ಲ.

"ಅಕ್ಕ ಅತ್ತಳು, ಆಮೇಲೆ ಸ್ಪ್ಯಾನರ್ ಹಿಡಿದಳು. ಗಂಡನ ಪಕ್ಕ ನಿಂತು ನಿಂತು ಕೆಲಸ ಕೈಗೆ ಹತ್ತಿತ್ತಲ್ಲ! ಎಷ್ಟೋ ವರ್ಷ ಒಬ್ಬಳೇ ಗ್ಯಾರೇಜು ನಡೆಸಿದಳು. ಆಗ ಬರೋಕೆ ಶುರು ಮಾಡಿದ್ರು ನೋಡಿ, ನಿಮ್ಮ ಬೇಕರಿ ತಾತ. ಬ್ರೆಡ್ಡಿನ ವ್ಯಾನಿಗೆ ಇವತ್ತು ಹಾರ್ನ್ ಸರಿಯಿಲ್ಲ, ನಾಳೆ ಬಾಗಿಲು ಕಿರುಗುಡತ್ತೆ... ಆ ವ್ಯಾನಿನಷ್ಟು ಆರೋಗ್ಯವಾಗಿರೋ ಗಾಡಿ ಜಗತ್ತಿನಲ್ಲೇ ಇರಲಿಲ್ಲ! ಕೊನೆಗೆ ಅಕ್ಕನೇ, 'ವ್ಯಾನಿಗೇನೂ ಆಗಿಲ್ಲ, ನಿಮಗೇನಾಗಿದೆ ಹೇಳಿ' ಅಂದಳು. ಹೇಳಿದ್ರು. ಮದುವೆ ಗಟ್ಟಿಯಾಯ್ತು.

"ನೋಂದಣಿ ಕಚೇರಿಗೆ ಇದೇ ಕಾರಲ್ಲಿ ಹೋಗೋದು ಅಂತ ಅಕ್ಕನ ಹಟ. ಹಗಲು ಬೆಳಕು, ಶೆಡ್ಡಿನ ತುಂಬ ನೆಂಟರು, ನಗು. ಅಕ್ಕ ಕೀಲಿ ತಿರುಗಿಸಿದಳು. ಕುಂಯ್ ಕುಂಯ್ ಅಂತ ತಿರುಗತ್ತೆ, ಹತ್ತಿಕೊಳ್ಳಲ್ಲ. 'ಪೆಟ್ರೋಲ್ ಬರ್ತಿಲ್ಲ' ಅಂದೆ ನಾನು. ಹಿಂದಿನಿಂದ ಯಾರೋ... 'ಹ್ಹುಂ'.

"ಶೆಡ್ಡಿಗೆ ಶೆಡ್ಡೇ ತಣ್ಣಗಾಯ್ತು. ಆ ಕೆಮ್ಮು ಯಾರದು ಅಂತ ಗೊತ್ತಾಗದವರು ಯಾರಿದ್ರು ಅಲ್ಲಿ? ಅಕ್ಕ ಪೈಪು ಬಿಚ್ಚಿ ನೋಡಿದಳು, ಪೆಟ್ರೋಲ್ ಧಾರಾಳವಾಗಿತ್ತು. ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿಯೇ ಇಲ್ಲ. 'ಕಾಯಿಲ್ ಸುಟ್ಟಿರಬೇಕು' ಅಂದರು ಬೇಕರಿಯವರು, ಪಾಪ, ಏನಾದ್ರೂ ಹೇಳಬೇಕಲ್ಲ ಅಂತ. 'ಹ್ಹುಂ! ಹ್ಹುಂ!' ಅವರಿಗೆ ಎರಡು! ಅಕ್ಕ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟಳು. ಅದರೊಳಗೆ ಹೆಬ್ಬೆರಳಿನಷ್ಟು ಕಂದು ತುಂಡು ಇರತ್ತೆ, ರೋಟರ್ ಅಂತ. ಅದು ತಿರುಗಿ ತಿರುಗಿ ಒಂದೊಂದು ಪ್ಲಗ್ಗಿಗೂ ಕಿಡಿ ಹಂಚಬೇಕು. ಅದೇ ಇಲ್ಲ! ಕಾರನ್ನ ಯಾರೂ ಮುಟ್ಟಬಾರದು ಅನ್ನಿಸಿದಾಗ ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡು ಹೋಗ್ತಿದ್ದವರು ಒಬ್ಬರೇ... ನಮ್ಮ ಭಾವ.

"ನೆಂಟರು ಒಬ್ಬೊಬ್ಬರೇ ಬಾಗಿಲ ಕಡೆ ಜಾರಿದ್ರು. ಬೇಕರಿಯವರ ಮುಖ ಮೈದಾಹಿಟ್ಟಿನ ಹಾಗೆ ಬೆಳ್ಳಗಾಗಿತ್ತು. 'ಅವರಿಗೆ ಇಷ್ಟ ಇಲ್ಲ ಅಂದ್ರೆ ನಾನು ಹಿಂದೆ ಸರೀತೀನಿ' ಅಂದ್ರು. ಆದ್ರೆ ಓಡಿಹೋಗಲಿಲ್ಲ.

"ಅಕ್ಕನಿಗೆ ಬಂತು ನೋಡಿ ಸಿಟ್ಟು! ಕಣ್ಣಲ್ಲಿ ನೀರು, ಸೊಂಟದ ಮೇಲೆ ಕೈ. 'ರೀ! ಬದುಕಿದ್ದಾಗಲೂ ಬರೀ ಕೆಮ್ಮಿಯೇ ಸಂಸಾರ ಮಾಡಿದ್ರಿ. ನಾನು ಇವರನ್ನ ಮದುವೆ ಆಗೋಳೇ. ನಿಮ್ಮನ್ನ ಮರೆತೂ ಇಲ್ಲ. ಬೇಡ ಅಂದ್ರೆ ಬೇಡ ಅನ್ನಿ, ಇಲ್ಲಾ ಏನಾಗಿದೆ ಅಂತ ತೋರಿಸಿ!' ಅಂದಳು, ಖಾಲಿ ಗೋಡೆ ಕಡೆ ನೋಡ್ಕೊಂಡು.

"ಆಗ ಗೋಡೆಗೆ ನೇತುಹಾಕಿದ್ದ ಸ್ಕ್ರೂಡ್ರೈವರ್... ಅದರಷ್ಟಕ್ಕದೇ... ಮೆಲ್ಲಗೆ ಎದ್ದು ಬಂತು. ಯಾರ ಕೈಯೂ ಇಲ್ಲ. ಬಂದು ಇಂಜಿನ್ನಿನ ಮೂಲೇಲಿ ಟಕ್, ಟಕ್ ಅಂತ ಬಡೀತು. ಅಕ್ಕ ಬಗ್ಗಿ ನೋಡಿದಳು. ಇಂಜಿನ್ನಿನ ಮೇಲೇ ಹಾದುಹೋಗೋ ಪೆಟ್ರೋಲ್ ಪೈಪು, ಬಟ್ಟೆ ಸುತ್ತಿದ ರಬ್ಬರು. ಮೇಲಿಂದ ನೋಡಿದ್ರೆ ಗಟ್ಟಿಮುಟ್ಟು. ಬೆರಳಲ್ಲಿ ಬಗ್ಗಿಸಿದರೆ ಅಡಿಭಾಗ ಬಾಯಿಬಿಟ್ಟು ತೊಟ್ ತೊಟ್ ಅಂತ ಸೋರತ್ತೆ! ಕಾರು ಹೊರಟು, ಇಂಜಿನ್ನು ಕಾದು, ಆ ಕಾವಿಗೆ ಪೆಟ್ರೋಲ್ ಬಿದ್ದಿದ್ರೆ... ಮದುವೆ ದಿಬ್ಬಣ ನಡುಬೀದೀಲೇ ಹೊತ್ತಿ ಉರೀತಿತ್ತು ಮಕ್ಕಳಾ. ಆಮೇಲೆ ನೀವೆಲ್ಲಿ ಇರ್ತಿದ್ರಿ?

"ಅಕ್ಕ ಅಲ್ಲೇ ಕೂತು ಅತ್ತಳು, ಅಳ್ತಾ ಅಳ್ತಾನೇ ನಕ್ಕಳು. ಹೊಸ ಪೈಪು ಹಾಕಿ ಕ್ಲಿಪ್ಪು ಬಿಗಿದಳು. ಎಲ್ಲ ಸರಿ, ರೋಟರ್ ಎಲ್ಲಿ? ಬೇಕರಿಯವರು ಬೆವರು ಒರಸ್ಕೊಳ್ಳೋಕೆ ಕರ್ಚೀಫು ತೆಗೆಯೋಣ ಅಂತ ಹೊಸ ಕೋಟಿನ ಜೇಬಿಗೆ ಕೈ ಹಾಕಿದ್ರು... ಹಾಗೇ ಕೈ ಹೊರಗೆ ತೆಗೆದ್ರು. ಅಂಗೈ ಮೇಲೆ ರೋಟರ್! ಯಾರೋ ಈಗಷ್ಟೇ ಮುಷ್ಟೀಲಿ ಹಿಡಿದಿದ್ದ ಹಾಗೆ ಬೆಚ್ಚಗಿತ್ತು.

"'ಕೊಟ್ಟರು' ಅಂದಳು ಅಕ್ಕ. ಅಷ್ಟೇ ಅಂದದ್ದು. ಬೇಕರಿಯವರು ಅದನ್ನ ಎರಡೂ ಕೈಲಿ ಹಿಡಿದು, ಯಾರೂ ಇಲ್ಲದ ಕಡೆಗೆ ತಿರುಗಿ ತಲೆ ಬಗ್ಗಿಸಿದ್ರು. ಕೀಲಿ ತಿರುಗಿಸಿದ್ದೇ ತಡ, ಕಾರು ಗುಡುಗುಡು ಅಂತ ಎದ್ದು ನಿಂತ್ಕೊಂಡಿತು. ನಾವೆಲ್ಲ ಕೇಕೆ ಹಾಕಿದ ಸದ್ದಿಗೆ ಓಡಿಹೋಗಿದ್ದ ನೆಂಟರೂ ವಾಪಸ್ ಬಂದ್ರು!"

ಮಕ್ಕಳು ಚಪ್ಪಾಳೆ ತಟ್ಟಿದರು. ಮಳೆ ಜಿನುಗಾಗಿತ್ತು. ಒಳಗಿನಿಂದ ಅಜ್ಜಿ, "ಬಂದೆ, ಬಂದೆ" ಎನ್ನುತ್ತಿದ್ದಳು. ದೊಡ್ಡ ಮೊಮ್ಮಗಳು ಹಿಂದಿನ ಸೀಟಿಗೆ ಹತ್ತಲು ಬಾಗಿಲಿಗೆ ಕೈ ಹಾಕಿದಳು.

"ಅಲ್ಲಿ ಬೇಡ ಕಣೇ," ಎಂದಳು ಚಿಕ್ಕಜ್ಜಿ ತಣ್ಣಗೆ. "ನೀವೆಲ್ಲ ನಿಮ್ಮಪ್ಪನ ವ್ಯಾನಲ್ಲಿ ಬನ್ನಿ. ಆ ಸೀಟು ನೋಡು, ಒಂದು ಪಕ್ಕ ತಗ್ಗಿದೆ, ಭಾವ ಹೋದಾಗಿಂದಲೂ ಹಾಗೇ. ಹೋದ ವರ್ಷ ನಿಮ್ಮ ಬೇಕರಿ ತಾತ ಹೋದ್ರಲ್ಲ... ಆಮೇಲಿಂದ ಇನ್ನೊಂದು ಪಕ್ಕಾನೂ ತಗ್ಗಿದೆ. ಮಧ್ಯೆ ಒಬ್ಬರಿಗೆ ಜಾಗ ಬಿಟ್ಟು ಕೂತಿರ್ತಾರೆ ಇಬ್ಬರೂ. ನಿಮ್ಮಜ್ಜಿಗೂ ಗೊತ್ತು. ಅದಕ್ಕೇ ಯಾವಾಗಲೂ ಮುಂದೇ ಕೂರ್ತಾಳೆ... 'ಇರ್ರೀ, ನಂಗೇನು ಅವಸರ' ಅಂತ ಹಿಂದೆ ತಿರುಗಿ ನಗ್ತಾಳೆ."